ಯಾವ ವರ್ಷ?

ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಹೂ ಮಾರುವ ಹೆಂಗಸೊಬ್ಬಳಿದ್ದಾಳೆ. ಎಲ್ಲರೂ ಅವಳನ್ನು ಹೂವಮ್ಮ ಎಂದೇ ಕರೆಯುತ್ತಾರೆ. ಕಾರ್ತಿಕ ಮಾಸ ಮುಗಿದ ಮೇಲೆ ಒಂದು ದಿನ ಆಕೆ ಬುಟ್ಟಿಯನ್ನು ನಮ್ಮ ಜಗುಲಿಯ ಮೇಲಿಟ್ಟು, ಸೆರಗಿನ ಗಂಟಿನಿಂದ ಒಂದು ಕಾಗದವನ್ನು ತೆಗೆದು ನನ್ನ ಕೈಗೆ ಕೊಟ್ಟಳು. 65 ತುಂಬಿದವರಿಗೆ ಸರ್ಕಾರ ಕೊಡುವ ಮಾಸಾಶನಕ್ಕಾಗಿ ಬರೆದುಕೊಂಡ ಅರ್ಜಿ ಅದು. ವಯಸ್ಸು ಸಾಲದೆಂದು ಕಚೇರಿಯಿಂದ ಹಿಂದಕ್ಕೆ ಬಂದಿತ್ತು. "ನಾನು ಶಾರ್ವರೀಲಿ ಹುಟ್ಟಿದೋಳು, ಮೇಷ್ಟ್ರೇ. ಈ ವಿಶ್ವಾವಸು ದೀಪಾವಳಿಗೆ ಅರವತ್ತೈದು ತುಂಬಿತು. ಅವರು ಇನ್ನೂ ಏಳು ವರ್ಷ ಕಾಯಿ ಅಂತಾರೆ" ಎಂದಳು. ಅವಳ ಗುರುತಿನ ಚೀಟಿಯನ್ನು ನೋಡಿದೆ. ಹುಟ್ಟಿದ ದಿನ 1968ರ ಜನವರಿ 1 ಎಂದಿತ್ತು. ಶಾಲೆಯ ಮೆಟ್ಟಿಲನ್ನು ಹತ್ತದ ಹೆಂಗಸು, ಹೆರಿಗೆಯಾದದ್ದು ಮನೆಯಲ್ಲಿ, ಚೀಟಿ ಬರೆದವನು ಮುಖ ನೋಡಿ ಒಂದು ವರ್ಷವನ್ನು ಊಹಿಸಿ, ಆ ವರ್ಷದ ಮೊದಲನೆಯ ದಿನವನ್ನು ಅವಳ ಪಾಲಿಗೆ ಬರೆದುಬಿಟ್ಟಿದ್ದಾನೆ.

ಅಂದಿನಿಂದ ಈ 'ವರ್ಷ' ಎಂಬ ಪದ ನನ್ನ ಮನಸ್ಸನ್ನು ಬಿಟ್ಟಿಲ್ಲ. ದಿನಕ್ಕೆ ಹತ್ತು ಸಲ ಆಡುವ ಮಾತು. ಅದರ ಅರ್ಥವೇನೆಂದು ಯಾರೂ ಕೇಳುವುದಿಲ್ಲ. ಆದರೆ ಕಚೇರಿಯವರ ವರ್ಷವೂ ಹೂವಮ್ಮನ ವರ್ಷವೂ ಒಂದೇ ಅಲ್ಲವೆಂದು ಕಂಡಮೇಲೆ ಕೇಳದೆ ಇರುವುದು ಹೇಗೆ?

ಮೊದಲು ಪದವನ್ನೇ ನೋಡೋಣ. ವರ್ಷ ಎಂದರೆ ಮೂಲದಲ್ಲಿ ಮಳೆ. ಮಳೆಯಿಂದ ಮಳೆಗಾಲ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗಿನ ಅವಧಿ - ಹೀಗೆ ಅರ್ಥ ಬೆಳೆದು ಬಂದಿದೆ. ಹಳಗನ್ನಡದವರು ಅದನ್ನು 'ಬರಿಸ' ಎಂದು ಮೆತ್ತಗೆ ಮಾಡಿಕೊಂಡರು. ಹಾಡುವವರು 'ವರುಷ' ಎಂದು ಎಳೆದರು. 'ಅಬ್ದ' ಎಂಬ ಇನ್ನೊಂದು ಪದಕ್ಕೆ ನೀರು ಕೊಡುವುದು ಎಂದರ್ಥ. ಅದು ಮೋಡವೂ ಹೌದು, ವರ್ಷವೂ ಹೌದು. ನಾವು ಷಷ್ಟ್ಯಬ್ದಿ, ಶತಾಬ್ದಿ ಎಂದು ಸಮಾರಂಭಗಳನ್ನು ಮಾಡುವಾಗ ಅರಿಯದೆಯೇ ಅರವತ್ತು ಮೋಡಗಳನ್ನೂ ನೂರು ಮೋಡಗಳನ್ನೂ ಎಣಿಸುತ್ತಿರುತ್ತೇವೆ. 'ಶರತ್' ಎಂಬುದು ಮಳೆ ನಿಂತ ಮೇಲಿನ ತಿಳಿಯಾದ ಋತು. ವೇದಕಾಲದ ಜನ ನೂರು ವರ್ಷ ಬಾಳಬೇಕೆಂದು ಬೇಡಿದ್ದು ನೂರು ಶರತ್ತುಗಳ ಲೆಕ್ಕದಲ್ಲಿ, ಒಮ್ಮೊಮ್ಮೆ ನೂರು ಚಳಿಗಾಲಗಳ ಲೆಕ್ಕದಲ್ಲಿ. 'ವತ್ಸರ' ಎಂಬ ಪದ ಕರುವನ್ನು ಹೇಳುವ 'ವತ್ಸ'ಕ್ಕೆ ಹತ್ತಿರದ ನಂಟು. ವತ್ಸವೆಂದರೆ ಮೊದಲಿಗೆ ಒಂದು ವರ್ಷದ ಕರು ಎಂದು ಭಾಷಾಶಾಸ್ತ್ರಜ್ಞರ ಮತ. ಮೋಡ, ಮಳೆ, ಚಳಿ, ಕರು - ನಮ್ಮ ಹಿರಿಯರು ಕಾಲವನ್ನು ಕಂಡದ್ದು ಕಣ್ಣೆದುರಿನ ವಸ್ತುಗಳಲ್ಲಿ. ಈಗಲೂ ಹಳ್ಳಿಯಲ್ಲಿ ಹಿರಿಯನೊಬ್ಬ ಕಿರಿಯನನ್ನು ಗದರಿಸುವಾಗ "ನಿನಗಿಂತ ನಾಲ್ಕು ಮಳೆಗಾಲ ಹೆಚ್ಚು ಕಂಡಿದ್ದೇನೆ" ಎನ್ನುತ್ತಾನೆ. ಬೌದ್ಧ ಭಿಕ್ಷುಗಳಲ್ಲಿಯೂ ಹಿರಿತನವನ್ನು ಎಣಿಸುವುದು ಕಳೆದ ವರ್ಷಾವಾಸಗಳಿಂದಲೇ.

ಇದೇ ಪದಕ್ಕೆ ಕಾಲವನ್ನು ಬಿಟ್ಟು ದೇಶದ ಅರ್ಥವೂ ಇದೆ. ಪುರಾಣಗಳ ಭೂಗೋಳದಲ್ಲಿ ಭೂಮಿಯ ಒಂದೊಂದು ಖಂಡವೂ ಒಂದೊಂದು ವರ್ಷ. ಸಂಕಲ್ಪದಲ್ಲಿ 'ಭರತವರ್ಷೇ' ಎನ್ನುವಾಗ ಹೇಳುವುದು ನಾಡನ್ನು, ಕಾಲವನ್ನಲ್ಲ. ಈ ವಿಚಿತ್ರ ಇಂದಿನ ವಿಜ್ಞಾನದಲ್ಲಿಯೂ ಮರಳಿ ಬಂದಿದೆ. ಜ್ಯೋತಿರ್ವರ್ಷವೆಂದರೆ ಕಾಲವಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಸಾಗುವ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ವರ್ಷ ಎಂಬ ಮಾತು ಹೀಗೆ ಮಳೆಯಿಂದ ಹೊರಟು ಕಾಲವನ್ನು ಹಾದು ನಕ್ಷತ್ರಗಳ ದೂರದವರೆಗೆ ಹೋಗಿದೆ.

ಮಾತಿನ ವರ್ಷ ಸಡಿಲವಾದದ್ದು, ಆಕಾಶದ ವರ್ಷವಾದರೂ ಬಿಗಿಯಾಗಿರಬಹುದು ಎಂದರೆ ಅದೂ ಇಲ್ಲ. ಸೂರ್ಯನು ಒಂದು ವಿಷುವದಿಂದ ಹೊರಟು ಅದೇ ವಿಷುವಕ್ಕೆ ಮರಳಲು 365.2422 ದಿನ ಬೇಕು. ಋತುಗಳು ನಡೆಯುವುದು ಈ ಲೆಕ್ಕದಲ್ಲಿ. ಒಂದು ನಕ್ಷತ್ರದ ಬಳಿಯಿಂದ ಹೊರಟು ಅದೇ ನಕ್ಷತ್ರದ ಬಳಿಗೆ ಬರಲು 365.2564 ದಿನ. ಇವೆರಡರ ನಡುವಣ ಅಂತರ ಇಪ್ಪತ್ತು ನಿಮಿಷ ಮಾತ್ರ. ಇಪ್ಪತ್ತು ನಿಮಿಷ ಯಾವ ಲೆಕ್ಕ ಎನ್ನಬಹುದು. ಆದರೆ ಅದು ಸುಮಾರು 72 ವರ್ಷಕ್ಕೆ ಒಂದು ದಿನವಾಗುತ್ತದೆ. ನಮ್ಮ ಪಂಚಾಂಗದ ಸೌರವರ್ಷ ನಕ್ಷತ್ರವನ್ನು ಹಿಡಿದದ್ದು. ಆದಕಾರಣ ಶತಮಾನಗಳು ಉರುಳಿ, ಆಕಾಶದಲ್ಲಿ ಉತ್ತರಾಯಣ ಡಿಸೆಂಬರ್ 21-22ಕ್ಕೆ ಆರಂಭವಾದರೂ ನಾವು ಮಕರ ಸಂಕ್ರಾಂತಿಯ ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ಹನ್ನೆರಡು ಚಾಂದ್ರಮಾಸಗಳನ್ನು ಕೂಡಿದರೆ ಬರುವುದು 354 ದಿನ ಚಿಲ್ಲರೆ. ಸೂರ್ಯನಿಗೂ ಚಂದ್ರನಿಗೂ ಹೊಂದಾಣಿಕೆ ಮಾಡುವುದಕ್ಕೇ ನಮ್ಮವರು ಅಧಿಕಮಾಸವನ್ನು ತಂದರು. ಹಿಜರಿ ವರ್ಷಕ್ಕೆ ಈ ಹೊಂದಾಣಿಕೆ ಬೇಕಿಲ್ಲ. ಅದು ಶುದ್ಧ ಚಾಂದ್ರಮಾನ. ಆದ್ದರಿಂದ ರಂಜಾನು ಚಳಿಗಾಲಕ್ಕೂ ಬರುತ್ತದೆ, ಬೇಸಗೆಗೂ ಬರುತ್ತದೆ.

ಇನ್ನು ವರ್ಷ ಎಂದಿನಿಂದ ಹೊಸದು? ಚಾಂದ್ರಮಾನದವರಿಗೆ ಚೈತ್ರದ ಪಾಡ್ಯ. ತುಳುನಾಡಿನವರಿಗೆ ಏಪ್ರಿಲ್ ನಡುವಿನ ಬಿಸು. ಕೊಡಗಿನವರಿಗೆ ಎಡಮ್ಯಾರ್. ಜೈನರ ವೀರನಿರ್ವಾಣ ಶಕಕ್ಕೆ ದೀಪಾವಳಿಯ ಮರುದಿನ. ಗೋಡೆಯ ಕ್ಯಾಲೆಂಡರಿಗೆ ಜನವರಿ 1. ಇವುಗಳೆಲ್ಲದರ ನಡುವೆ ಒಂದು ಸಮಾನ ವರ್ಷವನ್ನು ಕಟ್ಟಲು 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕುಳಿತಿತು. ಅದರ ಫಲವಾಗಿ 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1 ಎಂದು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಅದು ಋತುಗಳಿಗೆ ಸರಿಹೋಗುವ ವರ್ಷ, ಶಾಸ್ತ್ರಕ್ಕೆ ಒಪ್ಪುವಂಥದು. ರಾಜ್ಯಪತ್ರದ ಮೇಲೆ ಅದರ ತಾರೀಖು ಅಚ್ಚಾಗುತ್ತದೆ. ಆದರೆ ಅದರ ಚೈತ್ರ 1ರಂದು ಯಾರೂ ಬೇವುಬೆಲ್ಲ ತಿನ್ನಲಿಲ್ಲ. ವರ್ಷವನ್ನು ಸರ್ಕಾರ ಜಾರಿಗೆ ತರಬಹುದು, ಹಬ್ಬವನ್ನು ತರಲಾಗದು.

ಅರಸರಿಗೂ ಈ ಆಸೆ ಇದ್ದದ್ದೇ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಶಕ 465 ಎಂದು, ಎಂದರೆ ಕ್ರಿ. ಶ. 543 ಎಂದು ಬರೆಯಿಸಿದ. ಐಹೊಳೆಯಲ್ಲಿ ರವಿಕೀರ್ತಿ ತನ್ನ ಶಾಸನಕ್ಕೆ ಎರಡು ಲೆಕ್ಕ ಕೊಟ್ಟ - ಭಾರತಯುದ್ಧದಿಂದ 3735, ಶಕರಾಜರ ಕಾಲದಿಂದ 556. ಕಲ್ಯಾಣದ ಆರನೆಯ ವಿಕ್ರಮಾದಿತ್ಯನಿಗೆ ಶಕವರ್ಷವೇ ಹಿಡಿಸಲಿಲ್ಲ. ತಾನು ಪಟ್ಟಕ್ಕೆ ಬಂದ 1076ನ್ನೇ ಕಾಲದ ಆರಂಭವೆಂದು ಸಾರಿ ಚಾಳುಕ್ಯ ವಿಕ್ರಮ ವರ್ಷವನ್ನು ನಡೆಸಿದ. ಆ ಲೆಕ್ಕದ ಶಾಸನಗಳು ನಮ್ಮ ನಾಡಿನ ತುಂಬ ಇವೆ. ಟಿಪ್ಪು ಸುಲ್ತಾನನು ಹಿಜರಿ ಎಣಿಕೆಯನ್ನು ಬದಿಗಿಟ್ಟು ಮೌಲೂದಿ ಎಂಬ ಹೊಸ ಎಣಿಕೆಯನ್ನು ತಂದು ನಾಣ್ಯಗಳ ಮೇಲೆ ಒತ್ತಿಸಿದ; ತಿಂಗಳುಗಳಿಗೂ ಅರವತ್ತು ಸಂವತ್ಸರಗಳಿಗೂ ಬೇರೆ ಹೆಸರುಗಳನ್ನಿಟ್ಟ. ಆದರೆ ಆ ವರ್ಷದ ನಡಿಗೆ ಮಾತ್ರ ನೆರೆಹೊರೆಯ ಯುಗಾದಿಯನ್ನು ಬಿಟ್ಟುಹೋಗಲಿಲ್ಲ. ಇಬ್ಬರ ವರ್ಷಗಳೂ ಅವರವರ ರಾಜ್ಯದೊಡನೆ ಮುಗಿದುಹೋದವು. ಹಲ್ಮಿಡಿಯ ಶಾಸನವನ್ನು ಬರೆದವನಾದರೋ ವರ್ಷವನ್ನೇ ನಮೂದಿಸಲಿಲ್ಲ. ಅವನ ಕಾಲವನ್ನು ವಿದ್ವಾಂಸರು ಅಕ್ಷರಗಳ ರೂಪ ನೋಡಿ ಕ್ರಿ. ಶ. 450ರ ಸುಮಾರು ಎಂದು ಊಹಿಸಬೇಕಾಗಿದೆ. ಹೂವಮ್ಮನ ಚೀಟಿ ಬರೆದವನು ಮಾಡಿದ್ದೂ ಇದನ್ನೇ. ವಿದ್ವಾಂಸರು 'ಸುಮಾರು' ಎಂಬ ಮಾತನ್ನು ಸೇರಿಸಿದರು, ಅವನು ಸೇರಿಸಲಿಲ್ಲ.

ಅರಸರಿಗಿಂತ ಪ್ರಬಲವಾದದ್ದು ಕಂದಾಯ. ಹಿಜರಿ ವರ್ಷದ ಲೆಕ್ಕದಲ್ಲಿ ತೆರಿಗೆ ಎತ್ತಿದರೆ, 32 ಸೌರವರ್ಷಗಳಲ್ಲಿ ರೈತ 33 ಸಲ ತೆರಬೇಕಾಗುತ್ತದೆ; ಬೆಳೆ ಬರುವುದು ಮಾತ್ರ 32 ಸಲ. ಈ ಅನ್ಯಾಯವನ್ನು ನೀಗಿಸಲೆಂದೇ ಅಕ್ಬರನ ಕಾಲದಲ್ಲಿ ಫಸಲಿ ವರ್ಷ ಬಂದಿತು. ಫಸಲು ಎಂಬ ಮಾತು ನಮ್ಮ ಹೊಲಗಳಲ್ಲಿ ಇನ್ನೂ ಇದೆ. ಫಸಲಿ ಎಂಬ ವರ್ಷ ಕಂದಾಯದ ಹಳೆಯ ಕಡತಗಳಲ್ಲಿದೆ. ಮದರಾಸು ಪ್ರಾಂತದಲ್ಲಿ ಅದು ಜುಲೈ 1ಕ್ಕೆ ಆರಂಭವಾಗುತ್ತಿದ್ದುದರಿಂದ, ಹಿಂದೆ ಆ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ, ದಕ್ಷಿಣ ಕನ್ನಡಗಳ ಹಳೆಯ ಲೆಕ್ಕಪತ್ರಗಳನ್ನು ಓದುವವರು ಇದನ್ನು ಬಲ್ಲರು. ಖಜಾನೆಯ ವರ್ಷ ಏಪ್ರಿಲ್ 1ರಿಂದ ನಡೆಯುವುದು 1867ರಿಂದ ಬಂದ ಪದ್ಧತಿ. ಅದಕ್ಕೆ ಮೊದಲು ಅದು ಮೇ 1ಕ್ಕೆ ಆರಂಭವಾಗುತ್ತಿತ್ತು.

ನಮ್ಮ ಕಾಲದಲ್ಲಿ ನೀರಿಗೂ ಒಂದು ವರ್ಷವಾಗಿದೆ. ಕಾವೇರಿ ನ್ಯಾಯಾಧಿಕರಣ 2007ರ ತೀರ್ಪಿನಲ್ಲಿ ಜೂನ್ 1ರಿಂದ ಮೇ 31ರವರೆಗೆ ಜಲವರ್ಷವೆಂದು ಎಣಿಸಿ, 740 ಟಿ.ಎಂ.ಸಿ. ನೀರು ದೊರೆಯುವ ವರ್ಷವನ್ನು ಸಾಮಾನ್ಯ ವರ್ಷವೆಂದು ಕರೆಯಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಅಂಥ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರು 177.25 ಟಿ.ಎಂ.ಸಿ. ಎಂದು ಗೊತ್ತುಮಾಡಿತು. ಸಾಮಾನ್ಯವಲ್ಲದ ವರ್ಷ ಸಂಕಷ್ಟದ ವರ್ಷ. ನೋಡಿ, ವರ್ಷ ಎಂಬ ಪದ ಎಲ್ಲೆಲ್ಲೋ ಸುತ್ತಿ ಮತ್ತೆ ಮಳೆಗೇ ಬಂದು ನಿಂತಿತು! ಮಂಡ್ಯದ ರೈತನಿಗೆ ಇಂದು ವರ್ಷವೆಂದರೆ ಕನ್ನಂಬಾಡಿಯ ನೀರಿನ ಮಟ್ಟ.

ಇಷ್ಟೊಂದು ವರ್ಷಗಳಿರುವುದನ್ನು ಕಂಡು ಕೆಲವರು ಇದು ಗೊಂದಲವೆನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಒಂದೊಂದು ವರ್ಷವೂ ಒಂದೊಂದು ಕೆಲಸಕ್ಕಾಗಿ ಹುಟ್ಟಿದೆ. ಬಟ್ಟೆ ಅಳೆಯುವುದಕ್ಕೆ ಗಜ, ರಾಗಿ ಅಳೆಯುವುದಕ್ಕೆ ಸೇರು. ಗೊಂದಲವಾಗುವುದು ಒಂದರಿಂದ ಅಳೆದದ್ದನ್ನು ಇನ್ನೊಂದರಿಂದ ಅಳೆದುಬಿಟ್ಟೆವೆಂದು ತಿಳಿದಾಗ. ಹೂವಮ್ಮನ ಕಥೆ ಇಲ್ಲಿಗೆ ಬಂದು ಸೇರುತ್ತದೆ.

ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರುಗಳ ಸಂವತ್ಸರ ಚಕ್ರಕ್ಕೆ ಒಂದು ದೋಷವುಂಟು. ಅದನ್ನು ಮುಚ್ಚಿಟ್ಟು ಫಲವಿಲ್ಲ. ಅದಕ್ಕೆ ಸಂಖ್ಯೆಯಿಲ್ಲ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಕಾರ್ಡು ಸಿಕ್ಕಿತು. ಮೇಲೆ 'ಪ್ಲವ ಸಂವತ್ಸರ, ಶ್ರಾವಣ ಶುದ್ಧ ಪಂಚಮಿ' ಎಂದಷ್ಟೇ ಇತ್ತು. ಅಂಚೆಯ ಮುದ್ರೆ ಅಳಿಸಿಹೋಗಿತ್ತು. ಪ್ಲವ 1901ರಲ್ಲಿಯೂ ಬಂದಿತ್ತು, 1961ರಲ್ಲಿಯೂ ಬಂದಿತ್ತು. ಬರೆದವರು ಮುತ್ತಜ್ಜನೋ ಚಿಕ್ಕಜ್ಜನೋ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಕಾರ್ಡಿನ ಬೆಲೆಯನ್ನು ನೋಡಿದೆ. ಅದು ನಯೇ ಪೈಸೆಯಲ್ಲಿತ್ತು. ನಯೇ ಪೈಸೆ ಬಂದದ್ದು 1957ರಲ್ಲಿ. ಆದ್ದರಿಂದ 1961. ಕಾಗದದ ಮೇಲಿನ ಸಂವತ್ಸರಕ್ಕೆ ಹೀಗೆ ಬೇರೆ ಸಾಕ್ಷಿ ಬೇಕು.

ಆದರೆ ಬದುಕಿರುವ ಮನುಷ್ಯನ ಸಂವತ್ಸರಕ್ಕೆ ಆ ಮನುಷ್ಯನೇ ಸಾಕ್ಷಿ. ಶಾರ್ವರಿ ಯಾವುದೆಂದು ಹೇಗೆ ತಿಳಿಯಬೇಕು, ಅದು ಮತ್ತೆ ಮತ್ತೆ ಬರುತ್ತದಲ್ಲ ಎಂದು ಕಚೇರಿಯಲ್ಲಿ ಕೇಳಿದರಂತೆ. ಹೂವಮ್ಮ ಹೇಳಿದ ಉತ್ತರವನ್ನು ನನಗೂ ಹೇಳಿದಳು: "ಹಿಂದಿನ ಶಾರ್ವರೀದಾದ್ರೆ ನಂಗೆ ನೂರಿಪ್ಪತ್ತೈದು ಆಗಿರಬೇಕು. ಈಚೇದಾದ್ರೆ ಐದು ವರ್ಷದ ಮಗು ಆಗಿರಬೇಕು. ನೀವೇ ನೋಡಿ ಸ್ವಾಮಿ, ನಾನು ಯಾವುದು ಅಂತ." ನಾನು ಲೆಕ್ಕ ಹಾಕಿ ನೋಡಿದೆ. 1900, 1960, 2020 - ಅವಳ ಮಾತಿನಲ್ಲಿ ತಪ್ಪಿಲ್ಲ. ಇದಕ್ಕಿಂತ ಖಚಿತವಾದ ತರ್ಕವನ್ನು ನ್ಯಾಯಶಾಸ್ತ್ರ ಓದಿದವರೂ ಹೇಳಲಾರರು.

ಅವಳಿಗೆ ಇದು ಹೇಗೆ ಗೊತ್ತು? ಅವಳ ತಂದೆ ದೇವಸ್ಥಾನದ ತೋಟದಲ್ಲಿ ಹೂ ಬಿಡಿಸುತ್ತಿದ್ದವನು. ಯುಗಾದಿಯ ದಿನ ಪಂಚಾಂಗ ಶ್ರವಣ ಕೇಳಿ ಬಂದು, ಮಕ್ಕಳು ಯಾವ ಯಾವ ಸಂವತ್ಸರದವರೆಂದು ಪ್ರತಿವರ್ಷವೂ ಹೇಳುತ್ತಿದ್ದನಂತೆ. ಇವಳು ಶಾರ್ವರಿ, ಇವಳ ತಮ್ಮ ಶೋಭಕೃತು. ತಮ್ಮ ಶಾಲೆಗೆ ಹೋದವನಾದ್ದರಿಂದ ಅವನ ದಾಖಲೆ ಇದೆ - 1963ರ ಜೂನ್ 1. ದಿನ ಮೇಷ್ಟರು ಬರೆದುಕೊಂಡದ್ದಿರಬಹುದು, ಜೂನ್ 1 ಎಂದು ಬರೆಯುವುದು ಶಾಲೆಗಳಲ್ಲಿ ರೂಢಿಯಾಗಿತ್ತು. ಆದರೆ 1963 ಶೋಭಕೃತುವೇ ಹೌದು. ಹೀಗಿರುವಾಗ ಸರ್ಕಾರದ ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅಕ್ಕ ತಮ್ಮನಿಗಿಂತ ನಾಲ್ಕೂವರೆ ವರ್ಷ ಚಿಕ್ಕವಳಾಗುತ್ತಾಳೆ! ಅನಕ್ಷರಸ್ಥನ ಲೆಕ್ಕ ಸರಿಯಾಗಿದೆ, ಅಕ್ಷರಸ್ಥರದು ತಪ್ಪಿದೆ.

ಶಾರ್ವರಿ ಎಂದರೆ ರಾತ್ರಿ. 2020ರ ಮಾರ್ಚ್ 25ರ ಯುಗಾದಿಯಂದು ಶಾರ್ವರಿ ಮರಳಿ ಬಂದಾಗ, ಅದೇ ದಿನ ದೇಶವೆಲ್ಲ ಬಾಗಿಲು ಮುಚ್ಚಿತು. ಆ ಬೆಳಗ್ಗೆ ಹಬ್ಬಕ್ಕೆಂದು ತಂದ ಹೂವನ್ನು ಕೊಳ್ಳುವವರಿಲ್ಲದೆ ಆಕೆ ಬುಟ್ಟಿಯನ್ನು ಹಾಗೆಯೇ ಮನೆಗೆ ಹೊತ್ತಳಂತೆ. "ನನ್ನ ವರ್ಷ ತಿರುಗಿ ಬಂತು, ಬರೋವಾಗ ಕತ್ತಲೇನೂ ತಂತು" ಎಂದಳು. ಆಕೆಯ ಪಾಲಿಗೆ ವರ್ಷವೆಂದರೆ ಒಂದು ಅಂಕಿಯಲ್ಲ, ಪರಿಚಯದ ಮುಖ. ಹೀಗೆ ವರ್ಷವನ್ನು ಹೆಸರಿಟ್ಟು ಗುರುತಿಸಿದವಳು ಆಕೆಯೊಬ್ಬಳೇ ಅಲ್ಲ. 1876-78ರ ಮಹಾಕ್ಷಾಮ ನಮ್ಮ ಹಿರಿಯರ ನೆನಪಿನಲ್ಲಿ ಉಳಿದದ್ದು ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರಿನಲ್ಲಿ. 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಮೆಯಾಗಿತ್ತು. ಅಂಕಿ ಜನಗಣತಿಯ ಪುಸ್ತಕದಲ್ಲಿದೆ. ಆದರೆ ಬದುಕಿ ಉಳಿದವರು ಮಕ್ಕಳಿಗೆ ಹೇಳಿದ್ದು ಅಂಕಿಯನ್ನಲ್ಲ, ಧಾತುವಿನ ಹೆಸರನ್ನು.

ಕಚೇರಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಹಣ ಸಾರ್ವಜನಿಕರದು, ಬಾಯಿಮಾತನ್ನೇ ನಂಬಿ ಕೊಡುವಂತಿಲ್ಲ. ಎಲ್ಲರೂ ಶಾರ್ವರಿಯವರೇ ಆಗಿಬಿಟ್ಟರೆ ಗತಿಯೇನು ಎಂಬ ಭಯ ನಿರಾಧಾರವೂ ಅಲ್ಲ. ವೈದ್ಯರಿಂದ ವಯಸ್ಸಿನ ಪತ್ರ ತರುವಂತೆ ಅವರು ಹೇಳಿದ್ದಾರೆ. ಆದರೆ ಈ ವಯಸ್ಸಿನಲ್ಲಿ ವೈದ್ಯರು ಹೇಳಬಲ್ಲದ್ದೂ ಅಂದಾಜೇ. ಒಂದು ಅಂದಾಜನ್ನು ತಿದ್ದಲು ಇನ್ನೊಂದು ಅಂದಾಜನ್ನು ಬೇಡುವ ಮೊದಲು, ಅಂದಾಜಲ್ಲದ ಒಂದು ಸಾಕ್ಷಿ ಎದುರಿಗೆ ನಿಂತಿರುವಾಗ ಅದನ್ನು ಕೇಳಬಾರದೇಕೆ? ಅರವತ್ತು ಸಂವತ್ಸರಗಳ ಹೆಸರನ್ನೂ ಅವುಗಳ ಎದುರಿಗೆ ಕ್ರಿಸ್ತವರ್ಷವನ್ನೂ ಬರೆದ ಒಂದು ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲು ಖರ್ಚು ಎಷ್ಟು? ಹುಟ್ಟಿದ ಸಂವತ್ಸರ ಯಾವುದು, ಅಣ್ಣತಮ್ಮಂದಿರದು ಯಾವುದು, ಮದುವೆಯಾದಾಗ ಏನು ನಡೆದಿತ್ತು ಎಂದು ನಾಲ್ಕು ಪ್ರಶ್ನೆ ಕೇಳಿದರೆ ಸುಳ್ಳು ಹೇಳುವವನು ಎರಡನೆಯ ಪ್ರಶ್ನೆಗೇ ಎಡವುತ್ತಾನೆ. ನಿಜ ಹೇಳುವವನು ನಾಲ್ಕನ್ನೂ ದಾಟುತ್ತಾನೆ. ಇದೊಂದರಿಂದಲೇ ತೀರ್ಮಾನ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಇದಕ್ಕೂ ಕಡತದಲ್ಲಿ ಒಂದು ಸಾಲಿನ ಸ್ಥಳವಿರಲಿ ಎನ್ನುತ್ತೇನೆ.

ಮನೆಮನೆಗಳಲ್ಲಿಯೂ ಮಾಡಬೇಕಾದ ಕೆಲಸವೊಂದಿದೆ. ಸಂವತ್ಸರದ ಹೆಸರಿನಿಂದ ತಮ್ಮ ಬಾಳನ್ನು ಎಣಿಸುವ ಹಿರಿಯರು ದಿನದಿನಕ್ಕೆ ಕಡಮೆಯಾಗುತ್ತಿದ್ದಾರೆ. ವಾಚಕರು ಈ ಭಾನುವಾರ ಮಧ್ಯಾಹ್ನ ತಮ್ಮ ಮನೆಯ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂಡಿಸಿಕೊಂಡು, ಯಾರು ಯಾವ ಸಂವತ್ಸರದವರು, ಯಾವ ಬರದ ವರ್ಷ ಯಾರ ಮದುವೆಯಾಯಿತು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಲಿ. ಪಕ್ಕದಲ್ಲಿ ಕ್ರಿಸ್ತವರ್ಷವನ್ನೂ ನಮೂದಿಸಲಿ. ಹೇಳಬಲ್ಲವರು ಹೋದ ಮೇಲೆ ನಮ್ಮ ಬಳಿ ಉಳಿಯುವುದು ಪ್ಲವ ಸಂವತ್ಸರದ ಕಾರ್ಡುಗಳು ಮಾತ್ರ. ಎಲ್ಲ ಕಾರ್ಡಿನ ಮೇಲೂ ನಯೇ ಪೈಸೆಯ ಗುರುತಿರುವುದಿಲ್ಲ.

ಹೂವಮ್ಮನಿಗಾಗಿ ನಾನೊಂದು ಹೊಸ ಅರ್ಜಿಯನ್ನು ಬರೆದುಕೊಟ್ಟೆ. ತಮ್ಮನ ಶಾಲೆಯ ಪತ್ರವನ್ನೂ ಸಂವತ್ಸರಗಳ ಪಟ್ಟಿಯನ್ನೂ ಅದಕ್ಕೆ ಲಗತ್ತಿಸಿದೆ. ಅದು ಪರಿಶೀಲನೆಯಲ್ಲಿದೆಯಂತೆ. ಆಕೆ ಈಗಲೂ ಬೆಳಗ್ಗೆ ಆರು ಗಂಟೆಗೆ ಬುಟ್ಟಿ ಹೊತ್ತು ಬರುತ್ತಾಳೆ. ಮೊನ್ನೆ ಮೊಳ ಹಾಕುತ್ತ, "ಚೀಟೀಲಿ ಏಳು ವರ್ಷ ಕಮ್ಮಿ ಮಾಡಿದಾರೆ, ಮೇಷ್ಟ್ರೇ, ಮಂಡಿನೋವಲ್ಲಿ ಒಂದು ದಿನವೂ ಕಮ್ಮಿ ಮಾಡಲಿಲ್ಲ" ಎಂದಳು. ನಾನು ಉತ್ತರ ಹೇಳಲಾರದೆ ಹೂವನ್ನು ತೆಗೆದುಕೊಂಡು ಒಳಗೆ ಬಂದೆ.